ಅತ್ತೆಯವರ ಕೋಣೆಯ ಚಳಿ

ಬಾಯ್ಲರ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಬಚ್ಚಲುಮನೆಯ ಮೂಲೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳಿಸುವ ತಾಮ್ರದ ಬಾಯ್ಲರ್, ಅಲ್ಲವೇ? ನನಗೂ ಹಾಗೆಯೇ ಇತ್ತು. ಮದುವೆಯಾಗಿ ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನಮ್ಮವರು "ಬಾಯ್ಲರ್ ಅಡಿಗೆಮನೆಯಲ್ಲಿದೆ" ಎಂದಾಗ, ಅಯ್ಯೋ, ಹಾಗಾದರೆ ಸೌದೆ ಎಲ್ಲಿಡುತ್ತಾರೆ ಎಂದು ಸುತ್ತಮುತ್ತ ಹುಡುಕಿದವಳು ನಾನು! ಇಲ್ಲಿಯ ಬಾಯ್ಲರ್ ಗೋಡೆಗೆ ತೂಗುಹಾಕಿದ ಒಂದು ಬಿಳಿ ಪೆಟ್ಟಿಗೆ. ಕೊಳವೆಯಲ್ಲಿ ಬರುವ ಗ್ಯಾಸಿನಿಂದ ನೀರು ಕಾಯಿಸುತ್ತದೆ. ಆ ಬಿಸಿನೀರು ನಲ್ಲಿಗೆ ಬರುವುದು ಒಂದು ಕೆಲಸ. ಇನ್ನೊಂದು, ಅದಕ್ಕಿಂತ ದೊಡ್ಡ ಕೆಲಸವೆಂದರೆ ಪ್ರತಿ ಕೋಣೆಯಲ್ಲೂ ಗೋಡೆಗೆ ಒರಗಿಸಿದ ಉಕ್ಕಿನ ಹಲಗೆಯಂಥ ರೇಡಿಯೇಟರುಗಳೊಳಗೆ ಬಿಸಿನೀರನ್ನು ಸುತ್ತಿಸಿ ಮನೆಯನ್ನು ಬೆಚ್ಚಗಿಡುವುದು.

"ನಮಗೇಕೆ ತಾಯಿ ಈ ಪುರಾಣ, ನಮ್ಮೂರಲ್ಲಿ ಫ್ಯಾನ್ ಇದ್ದರೆ ಸಾಕು" ಎಂದು ಪುಟ ತಿರುಗಿಸಬೇಡಿ. ನಿಮ್ಮ ಮಗಳೋ ಸೊಸೆಯೋ ತಂಗಿಯೋ ಈ ದೇಶದಲ್ಲಿರಬಹುದು. ಆರು ತಿಂಗಳ ವೀಸಾ ಹಿಡಿದು ಬಾಣಂತನಕ್ಕೋ ಮೊಮ್ಮಗುವಿನ ನೆಪಕ್ಕೋ ನೀವೇ ಹೊರಟು ನಿಂತಿರಬಹುದು. ಇಲ್ಲಿಯ ಚಳಿಗೆ ಸ್ವೆಟರು, ಕಾಲುಚೀಲ, ಮಂಕಿ ಟೋಪಿ ಎಲ್ಲ ನೆನಪಿನಿಂದ ಕಟ್ಟಿಕೊಳ್ಳುತ್ತೀರಿ. ಆದರೆ ನೀವು ಮಲಗುವ ಕೋಣೆಯ ಬಿಸಿ ಯಾರ ಕೈಯಲ್ಲಿದೆ ಎಂಬುದನ್ನು ಯಾರೂ ಹೇಳಿ ಕಳಿಸುವುದಿಲ್ಲ. ನನ್ನ ಅತ್ತೆಯವರಿಗೂ ಯಾರೂ ಹೇಳಲಿಲ್ಲ. ಹೇಳಬೇಕಾದವಳು ನಾನೇ ಇದ್ದೆ.

2022ರ ನವೆಂಬರಿನಲ್ಲಿ ಅತ್ತೆಯವರು ಸಾಗರದಿಂದ ಬಂದರು. ಆಗ ಅವರಿಗೆ ಎಪ್ಪತ್ನಾಲ್ಕು. ಮಂಡಿನೋವು, ಮೆಟ್ಟಿಲು ಹತ್ತಲಾರರು. ಹಾಗಾಗಿ ಕೆಳಗೆ ಅಡಿಗೆಮನೆಯ ಹಿಂದಿರುವ ಪುಟ್ಟ ಕೋಣೆಯನ್ನು ಅವರಿಗೆ ಸಜ್ಜು ಮಾಡಿದೆವು. ಹಿಂದಿನ ಮಾಲೀಕರು ಮನೆಗೆ ಸೇರಿಸಿ ಕಟ್ಟಿದ ಕೋಣೆ ಅದು; ಮೂರು ಕಡೆಯೂ ಹೊರಗೋಡೆ. ತೋಟಕ್ಕೆ ತೆರೆಯುವ ದೊಡ್ಡ ಕಿಟಕಿ. ನಮ್ಮೂರಿನಲ್ಲಾದರೆ "ಎಷ್ಟು ಗಾಳಿ ಬೆಳಕು!" ಎಂದು ಹೊಗಳುವಂಥದು.

ಆ ವರ್ಷ ಇಲ್ಲಿ ಎಲ್ಲರ ಬಾಯಲ್ಲೂ ಗ್ಯಾಸಿನ ಬಿಲ್ಲಿನದೇ ಮಾತು. 2022ರ ಏಪ್ರಿಲಿನಲ್ಲಿ ಗ್ಯಾಸು-ವಿದ್ಯುತ್ತಿನ ದರದ ಮಿತಿಯನ್ನು ಒಂದೇ ಏಟಿಗೆ ನೂರಕ್ಕೆ 54ರಷ್ಟು ಏರಿಸಿದ್ದರು. ಅಕ್ಟೋಬರಿನಲ್ಲಿ ಇನ್ನೂ ಏರಿ, ಸರ್ಕಾರವೇ ಮಧ್ಯೆ ಬಂದು ಸಾಧಾರಣ ಬಳಕೆಯ ಮನೆಗೆ ವರ್ಷಕ್ಕೆ 2,500 ಪೌಂಡಿನ ಲೆಕ್ಕದಲ್ಲಿ ದರ ಹಿಡಿದು ನಿಲ್ಲಿಸಬೇಕಾಯಿತು. ನಮ್ಮ ಮನೆಯಲ್ಲೂ ಊಟದ ಮೇಜಿನಲ್ಲಿ ಸಾರು, ಪಲ್ಯಕ್ಕಿಂತ ಮುಂಚೆ ಮೀಟರಿನ ರೀಡಿಂಗ್ ಬಡಿಸುತ್ತಿದ್ದೆವು ಅನ್ನಿ. ನಮ್ಮವರು ಒಂದು ಹೇಳುವುದು, ನಾನೊಂದು ಹೇಳುವುದು. ಅತ್ತೆಯವರು ಸುಮ್ಮನೆ ಕೇಳುತ್ತಾ ಕೂತಿರುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅರಿವೇ ನಮಗಿರಲಿಲ್ಲ.

ಡಿಸೆಂಬರಿನ ಎರಡನೆಯ ವಾರ ಹುಲ್ಲಿನ ಮೇಲೆಲ್ಲ ಬಿಳಿಯ ಹೆಪ್ಪು. ಸರಿಯಾಗಿ ಅದೇ ವಾರ ನಮ್ಮ ಹಳೆಯ ಬಾಯ್ಲರ್ ಕಣ್ಣು ಮುಚ್ಚಿತು. ಇಪ್ಪತ್ತು ವರ್ಷಕ್ಕೂ ಹಳೆಯದು, ಬಿಡಿಭಾಗ ಸಿಕ್ಕುವುದಿಲ್ಲವೆಂದರು. ಮೂರು ದಿನ ಒಲೆಯ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ ಬಕೆಟ್ಟಿಗೆ ಸುರಿದು ಸ್ನಾನ. ಅತ್ತೆಯವರಿಗೇನೋ ಅದೇ ಖುಷಿ. "ಈಗ ನೋಡು, ಸ್ನಾನ ಮಾಡಿದ ಹಾಗಾಯ್ತು" ಎಂದರು!

ಮೂರು ಜನ ಬಂದು ನೋಡಿ ಬೆಲೆ ಹೇಳಿ ಹೋದರು. ಇಬ್ಬರದು ಹೆಚ್ಚುಕಡಿಮೆ ಒಂದೇ. ಮೂರನೆಯವನದು ನಾನೂರು ಪೌಂಡು ಕಡಿಮೆ, ಮೇಲಾಗಿ ನಾಳೆಯೇ ಬರುತ್ತೇನೆಂದ. ಹೇಗಪ್ಪಾ ಇಷ್ಟು ಕಡಿಮೆ ಎಂದು ಕೇಳಿದ್ದಕ್ಕೆ, "ಅವರು ಬಾಯ್ಲರಿನ ಜೊತೆಗೆ ಹೊಸ ಥರ್ಮೋಸ್ಟ್ಯಾಟು, ಪ್ರತಿ ರೇಡಿಯೇಟರಿಗೂ ವಾಲ್ವು ಎಂದೆಲ್ಲ ಸೇರಿಸಿದ್ದಾರೆ. ನಿಮ್ಮ ಹಳೆಯ ಥರ್ಮೋಸ್ಟ್ಯಾಟು ಚೆನ್ನಾಗಿಯೇ ಇದೆಯಲ್ಲ. ಅದೆಲ್ಲ ಶೋಕಿ. ಬೇಕಾದರೆ ಮುಂದೆ ಹಾಕಿಸಿಕೊಳ್ಳಿ" ಎಂದ. ನಮ್ಮವರು ನನ್ನ ಮುಖ ನೋಡಿದರು. "ಬಿಡಿ, ಬೇಡ" ಎಂದವಳು ನಾನು. ಉಳಿತಾಯ ಮಾಡಿದೆನೆಂಬ ಹೆಮ್ಮೆ ಬೇರೆ! ಹಬ್ಬದ ಹೊತ್ತಿಗೆ ಸೀರೆಯ ಬೆಲೆ ಇಳಿಸಿ ತಂದಷ್ಟು ಸಂತೋಷವಾಗಿತ್ತು.

ಎರಡು ದಿನದಲ್ಲಿ ಹೊಸ ಬಾಯ್ಲರ್ ಗೋಡೆಗೇರಿತು. ಕಾಂಬಿ ಎನ್ನುತ್ತಾರೆ, ನಲ್ಲಿ ತಿರುಗಿಸಿದಾಗಷ್ಟೇ ನೀರು ಕಾಯಿಸಿ ಕೊಡುವಂಥದು. ಮೇಲಿನ ಮಹಡಿಯ ಬೀರುವಿನಲ್ಲಿದ್ದ ಬಿಸಿನೀರಿನ ದೊಡ್ಡ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೋದರು. ಅದು ಹೋದ ಮೇಲೆ ನನಗೆ ತಿಳಿದ ಮೊದಲ ನಷ್ಟವೆಂದರೆ ದೋಸೆಹಿಟ್ಟಿನದು. ಆ ಬೀರು ಸದಾ ಬೆಚ್ಚಗಿರುತ್ತಿತ್ತು, ರಾತ್ರಿ ಹಿಟ್ಟಿಟ್ಟರೆ ಬೆಳಿಗ್ಗೆ ಉಕ್ಕಿ ಬರುತ್ತಿತ್ತು. (ಈಗ ಅವನ್ನಿನೊಳಗಿಟ್ಟು ಅದರ ದೀಪವನ್ನಷ್ಟೇ ಹಾಕಿಡುತ್ತೇನೆ. ಬೆಂಕಿ ಬೇಡ, ದೀಪದ ಬಿಸಿಯೇ ಸಾಕು. ನೀವೂ ನೋಡಿ.)

ಇನ್ನು ಆ "ಚೆನ್ನಾಗಿರುವ" ಹಳೆಯ ಥರ್ಮೋಸ್ಟ್ಯಾಟಿನ ಕಥೆ. ಇಸ್ತ್ರಿಪೆಟ್ಟಿಗೆ ನಿಮಗೆ ಗೊತ್ತು. ಬೇಕಾದಷ್ಟು ಕಾದೊಡನೆ ಕೆಂಪು ದೀಪ ಆರುತ್ತದೆ, ತಣ್ಣಗಾದರೆ ಮತ್ತೆ ಹತ್ತುತ್ತದೆ. ಮನೆಯ ಗೋಡೆಯ ಮೇಲಿರುವ ಥರ್ಮೋಸ್ಟ್ಯಾಟಿನದೂ ಅದೇ ಕೆಲಸ. ಅದಕ್ಕೆ ಇಪ್ಪತ್ತು ಡಿಗ್ರಿ ಎಂದು ಹೇಳಿಟ್ಟರೆ ತನ್ನ ಸುತ್ತಲಿನ ಗಾಳಿ ಇಪ್ಪತ್ತಾದ ಕೂಡಲೇ ಬಾಯ್ಲರಿಗೆ "ಸಾಕು, ಉರಿ ಆರಿಸು" ಎನ್ನುತ್ತದೆ. ಗಮನಿಸಿ, ತನ್ನ ಸುತ್ತಲಿನ ಗಾಳಿ. ಪಾಪ, ಅದಕ್ಕೆ ಬೇರೆ ಕೋಣೆಯ ಸುದ್ದಿ ಹೇಗೆ ಗೊತ್ತಾಗಬೇಕು? ನಮ್ಮದು ಇದ್ದದ್ದು ಬಾಗಿಲ ಬಳಿಯ ನಡುಮನೆಯಲ್ಲಿ, ಅದೂ ಒಂದು ರೇಡಿಯೇಟರಿನ ನೆತ್ತಿಯ ಮೇಲೆ! ಆ ರೇಡಿಯೇಟರ್ ಬಿಸಿಯಾಗುತ್ತಲೇ ಥರ್ಮೋಸ್ಟ್ಯಾಟಿಗೆ ಸೆಕೆಯಾಗುತ್ತಿತ್ತು. ಮನೆಯೆಲ್ಲ ಬೆಚ್ಚಗಾಯಿತೆಂದು ತಿಳಿದು ಬಾಯ್ಲರನ್ನು ಮಲಗಿಸುತ್ತಿತ್ತು. ಚಪ್ಪಲಿ ಬಿಡುವ ಜಾಗ ಬೆಚ್ಚಗೆ, ಹಿಂದಿನ ಕೋಣೆ ತಣ್ಣಗೆ.

ಜನವರಿ ಕಳೆಯಿತು. ಅತ್ತೆಯವರು ಎರಡು ಸ್ವೆಟರು ಹಾಕಿಕೊಂಡು ಅದರ ಮೇಲೆ ಶಾಲು ಹೊದ್ದು ಹಗಲೆಲ್ಲ ಅಡಿಗೆಮನೆಯಲ್ಲೇ ಕೂರುತ್ತಿದ್ದರು. ನಾನು, ಮಾತಿಗೆ ಜೊತೆ ಬೇಕೆಂದು ಕೂರುತ್ತಾರೆ ಅಂದುಕೊಂಡೆ. ಒಲೆಯ ಶಾಖಕ್ಕೆಂದು ಹೊಳೆಯಲೇ ಇಲ್ಲ. ಫೆಬ್ರುವರಿಯಲ್ಲಿ ಕೆಮ್ಮು ಹತ್ತಿತು. ಶುಂಠಿ ಕಷಾಯ, ಮೆಣಸಿನ ಸಾರು, ಎಲ್ಲ ಆಯಿತು. ಬಿಡಲಿಲ್ಲ. ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಲ್ಲಿದ್ದ ನರ್ಸಮ್ಮ ಎದೆ ಬೆನ್ನು ನೋಡಿ, ಔಷಧದ ಮಾತಾಡುವ ಮೊದಲು ಕೇಳಿದ ಪ್ರಶ್ನೆ ಏನು ಗೊತ್ತೇ? "ಇವರು ಮಲಗುವ ಕೋಣೆಯಲ್ಲಿ ಎಷ್ಟು ಡಿಗ್ರಿ ಇರುತ್ತದೆ?"

ನನಗೆ ಉತ್ತರ ಬರಲಿಲ್ಲ. ಮೀಟರಿನ ರೀಡಿಂಗ್ ಕೇಳಿದ್ದರೆ ಬಾಯಿಪಾಠ ಒಪ್ಪಿಸುತ್ತಿದ್ದೆ!

ಅರವತ್ತೈದು ದಾಟಿದವರಿರುವ ಕೋಣೆಯಲ್ಲಿ ಚಳಿಗಾಲದಲ್ಲಿ ಕಡಿಮೆಯೆಂದರೆ 18 ಡಿಗ್ರಿ ಇರಬೇಕೆಂದು ಇಲ್ಲಿಯ ಆರೋಗ್ಯ ಇಲಾಖೆಯ ಸಲಹೆ. ವಯಸ್ಸಾದವರಿಗೆ ತಣ್ಣನೆಯ ಕೋಣೆ ಬರೀ ಹಿತವಲ್ಲದ್ದಲ್ಲ; ರಕ್ತದೊತ್ತಡ ಏರುತ್ತದೆ, ಎದೆಯ ಸೋಂಕಿಗೆ ದಾರಿಯಾಗುತ್ತದೆ ಎಂದು ನರ್ಸಮ್ಮ ಬಿಡಿಸಿ ಹೇಳಿದರು. ಅಂದು ರಾತ್ರಿ ಮಗುವಿನ ಕೋಣೆಯಲ್ಲಿದ್ದ ಉಷ್ಣಮಾಪಕವನ್ನು ಅತ್ತೆಯವರ ತಲೆದೆಸೆಯಲ್ಲಿಟ್ಟೆ. ಬೆಳಗಿನ ಐದಕ್ಕೆದ್ದು ನೋಡಿದರೆ 14. ನಡುಮನೆಯ ಥರ್ಮೋಸ್ಟ್ಯಾಟು ಮಾತ್ರ ಬಿಗುಮಾನದಿಂದ 20 ತೋರಿಸುತ್ತಿತ್ತು.

"ಯಾಕೆ ಹೇಳಲಿಲ್ಲ ಅತ್ತೆ?" ಎಂದೆ.

"ಹೇಳಿ ಏನ್ ಮಾಡೋದು? ನನ್ನೊಬ್ಬಳಿಗೋಸ್ಕರ ಇಡೀ ಮನೆ ಕಾಯಿಸ್ತೀರಾ? ಬಿಲ್ಲು ನಾನೂ ಕೇಳ್ತಾ ಇದೀನಲ್ಲ."

ಆ ಮಾತು ಎಲ್ಲಿ ನಾಟಿತೆಂದು ನಿಮಗೆ ಹೇಳಬೇಕಿಲ್ಲ. ಸೊಸೆಯಂದಿರಾದ ನೀವು ಬಲ್ಲಿರಿ.

ಆದರೆ ಕೂತು ಯೋಚಿಸಿದಾಗ ಅವರು ಕೇಳಿದ್ದು ಎಂಥ ಸರಿಯಾದ ಪ್ರಶ್ನೆ ಅನ್ನಿಸಿತು. ಒಬ್ಬರ ಕೋಣೆ ಬೆಚ್ಚಗಾಗಲು ಇಡೀ ಮನೆ ಯಾಕೆ ಕಾಯಬೇಕು? ಇದೇ ಪ್ರಶ್ನೆಯನ್ನು ಈ ದೇಶದ ಕಾನೂನೂ ಕೇಳಿ, ಉತ್ತರವನ್ನೂ ಬರೆದಿಟ್ಟಿದೆ ಎಂದು ನನಗೆ ತಿಳಿದದ್ದು ಪಕ್ಕದ ಮನೆಯಾಕೆಯಿಂದ. ಆಕೆ ಮನೆ ಮಾರಲು ಹೊರಟಿದ್ದರು. ಕೊಳ್ಳುವವರ ವಕೀಲರು "ಬಾಯ್ಲರ್ ಬದಲಾಯಿಸಿದ್ದೀರಲ್ಲ, ಕಟ್ಟಡ ನಿಯಮಗಳ ಪ್ರಕಾರ ಆಗಿದೆಯೆಂಬ ಸರ್ಟಿಫಿಕೇಟು ಎಲ್ಲಿ?" ಎಂದು ಪತ್ರ ಬರೆದಿದ್ದರಂತೆ. ಆಕೆ ಕಪಾಟಿನಿಂದ ಒಂದು ಹಾಳೆ ತೆಗೆದು ತೋರಿಸಿ, "ನಿಮ್ಮದು ಬಂತೇ?" ಎಂದರು. ಬಂದಿರಲಿಲ್ಲ. ಬರಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಒಂದು ವಾರ, ಮಕ್ಕಳನ್ನು ಮಲಗಿಸಿ ನಾನು ಆ ನಿಯಮದ ಪುಸ್ತಕ ಹಿಡಿದು ಕೂತೆ. ಸರ್ಕಾರದವರೇ ಪುಕ್ಕಟೆ ಓದಲು ಕೊಡುತ್ತಾರೆ. 'ಎಲ್' ಭಾಗವೆಂದು ಹೆಸರು. ಮನೆಯಲ್ಲಿ ಇಂಧನ ಪೋಲಾಗದಂತೆ ನೋಡಿಕೊಳ್ಳುವುದು ಅದರ ವಿಷಯ. ಓದಲು ರಸವತ್ತಾಗಿದೆ ಎಂದೇನೂ ಹೇಳಲಾರೆ. ಎರಡು ಸಲ ನಿದ್ದೆ ಬಂತು. ಆದರೆ ಮೂರನೆಯ ಸಲ ಓದುವಾಗ ಮೈಯುರಿಯಿತು. ನಮ್ಮ ಬಾಯ್ಲರಿನಾತ "ಶೋಕಿ" ಎಂದದ್ದೆಲ್ಲ ಅದರಲ್ಲಿ ಕಡ್ಡಾಯವೆಂದು ಬರೆದಿತ್ತು.

ಇದು ಹಂತಹಂತವಾಗಿ ಬಂದ ನಿಯಮ. 2005ರ ಏಪ್ರಿಲಿನಿಂದ ಗ್ಯಾಸ್ ಬಾಯ್ಲರ್ ಬದಲಾಯಿಸುವವರು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯದನ್ನೇ ಹಾಕಿಸಬೇಕೆಂದಾಯಿತು. ಅಂದರೆ ಹೊಗೆಯ ಜೊತೆ ಹೊರಗೆ ಹೋಗುವ ಹಬೆಯನ್ನು ಒಳಗೇ ನೀರಾಗಿಸಿ, ಅದರ ಬಿಸಿಯನ್ನೂ ಹಿಡಿದುಕೊಳ್ಳುವ ಬಾಯ್ಲರ್. ಅನ್ನದ ಪಾತ್ರೆಯ ಹಬೆಯಲ್ಲೇ ಮೇಲೊಂದು ತಟ್ಟೆ ಇಟ್ಟು ಬೇಳೆ ಬೇಯಿಸಿಕೊಳ್ಳುವ ಜಾಣತನ ಎನ್ನಿ. 2018ರ ಏಪ್ರಿಲಿನಲ್ಲಿ 'ಬಾಯ್ಲರ್ ಪ್ಲಸ್' ಎಂಬ ಇನ್ನೊಂದು ಕಟ್ಟಳೆ ಬಂತು. ಇದು ಇಂಗ್ಲೆಂಡಿಗೆ ಮಾತ್ರ; ವೇಲ್ಸಿನಲ್ಲೂ ಸ್ಕಾಟ್ಲೆಂಡಿನಲ್ಲೂ ಇರುವವರು ಅಲ್ಲಿಯ ನಿಯಮವನ್ನೇ ವಿಚಾರಿಸಬೇಕು. ಇದರ ಪ್ರಕಾರ ಹೊಸ ಗ್ಯಾಸ್ ಬಾಯ್ಲರಿನ ದಕ್ಷತೆ ನೂರಕ್ಕೆ 92ಕ್ಕಿಂತ ಕಡಿಮೆ ಇರಬಾರದು. ಜೊತೆಗೆ ಎಷ್ಟು ಹೊತ್ತಿಗೆ ಉರಿಯಬೇಕು, ಎಷ್ಟು ಬಿಸಿಯಾಗಬೇಕು, ಎರಡನ್ನೂ ಹಿಡಿತದಲ್ಲಿಡುವ ಸಲಕರಣೆ ಇರಲೇಬೇಕು. ನಮ್ಮದರಂಥ ಕಾಂಬಿಯಾದರೆ ಇಷ್ಟೂ ಸಾಲದು. ಹೊರಗಿನ ಹವೆ ನೋಡಿ ಉರಿ ತಗ್ಗಿಸುವುದೋ, ಕೋಣೆಗೆ ಇನ್ನೆಷ್ಟು ಬಿಸಿ ಬೇಕೆಂದು ನೋಡಿ ಉರಿ ತಗ್ಗಿಸುವುದೋ, ಹೋಗುವ ಹೊಗೆಯ ಶಾಖವನ್ನು ಮತ್ತೆ ಹಿಡಿಯುವುದೋ, ತಾನೇ ಕಲಿತು ನಡೆದುಕೊಳ್ಳುವ ಸ್ಮಾರ್ಟ್ ಥರ್ಮೋಸ್ಟ್ಯಾಟೋ, ಈ ನಾಲ್ಕರಲ್ಲಿ ಒಂದಾದರೂ ಇರಬೇಕು.

ಮೂರನೆಯದು ನಮ್ಮ ಅತ್ತೆಯವರ ಪ್ರಶ್ನೆಗೆ ನೇರ ಉತ್ತರ. 2022ರ ಜೂನ್ 15ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಬಾಯ್ಲರ್ ಬದಲಾಯಿಸುವಾಗ ಸಾಧ್ಯವಿರುವ ಕಡೆಯೆಲ್ಲ ಒಂದೊಂದು ಕೋಣೆಯ ಬಿಸಿಯನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡುವ ವ್ಯವಸ್ಥೆ ಮಾಡಬೇಕು. ಬಹಳ ಮನೆಗಳಲ್ಲಿ ಇದಕ್ಕೆ ರೇಡಿಯೇಟರಿನ ಪಕ್ಕದಲ್ಲಿ ಒಂದರಿಂದ ಐದರವರೆಗೆ ಅಂಕಿ ಬರೆದ ಗುಬಟಿನಂಥ ವಾಲ್ವು ಹಾಕುತ್ತಾರೆ. ಅದರ ಹೊಟ್ಟೆಯೊಳಗಿನ ಮೇಣವೋ ದ್ರವವೋ ಕೋಣೆ ಬೆಚ್ಚಗಾದಂತೆ ಉಬ್ಬಿ, ತಾನೇ ನೀರಿನ ದಾರಿ ಮುಚ್ಚುತ್ತದೆ. ತಣ್ಣಗಾದರೆ ಕುಗ್ಗಿ ದಾರಿ ಬಿಡುತ್ತದೆ. ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ. ಥರ್ಮೋಸ್ಟ್ಯಾಟು ಇರುವ ಕೋಣೆಯೊಂದಕ್ಕೆ ಮಾತ್ರ ಇದನ್ನು ಹಾಕುವುದಿಲ್ಲ; ಹಾಕಿದರೆ ಎರಡಕ್ಕೂ ಜಗಳ ಹತ್ತುತ್ತದೆ. ಹಾಗೆಂದು ಬರೀ ಈ ವಾಲ್ವುಗಳಿದ್ದರೂ ಸಾಲದು. ಎಲ್ಲ ಕೋಣೆಗಳೂ "ಸಾಕು" ಎಂದ ಮೇಲೂ ಬಾಯ್ಲರ್ ಸುಮ್ಮಸುಮ್ಮನೆ ಉರಿಯಬಾರದಲ್ಲ? ಅದನ್ನು ನಿಲ್ಲಿಸಲು ಗೋಡೆಯ ಥರ್ಮೋಸ್ಟ್ಯಾಟು ಬೇಕೇ ಬೇಕು.

ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಅವರು ಅರ್ಧ ನಿಮಿಷವೂ ಯೋಚಿಸಲಿಲ್ಲ. "ಇದರಲ್ಲೇನಿದೆ? ನೀರು ಕಾದ ಮೇಲೆ ಬಚ್ಚಲೊಲೆಯಿಂದ ಕುಂಟೆ ಹೊರಗೆ ಎಳೆಯೋದು. ಮತ್ತೆ ಬೇಕು ಅಂದ್ರೆ ಒಳಗೆ ದೂಡೋದು. ನಾವು ಮಾಡ್ತಿದ್ದದ್ದೂ ಇದೇ. ಇವರು ಪುಸ್ತಕ ಬರೆದಿದಾರೆ ಅಷ್ಟೇ" ಎಂದರು!

ಬಾಯ್ಲರಿನಾತನಿಗೆ ಫೋನು ಮಾಡಿದೆ. ಮೊದಲ ಎರಡು ವಾರ ಉತ್ತರವಿಲ್ಲ. ಆಮೇಲೆ, "ಬೇಡ ಎಂದವರು ನೀವೇ ಅಲ್ಲವೇ?" ಎಂದ. ಇದಕ್ಕೆ ಒಂದು ಕ್ಷಣ ನನ್ನ ಬಾಯಿ ಕಟ್ಟಿತು; ಬೇಡ ಎಂದದ್ದು ನಿಜವೇ. ಆದರೆ ಓದಿಟ್ಟುಕೊಂಡದ್ದು ಕೈಹಿಡಿಯಿತು ನೋಡಿ. ಬೇಕು-ಬೇಡ ಹೇಳುವ ಅಧಿಕಾರ ನನಗೂ ಇಲ್ಲ, ಆತನಿಗೂ ಇಲ್ಲ. ಬಾಯ್ಲರಿನ ಬಣ್ಣ ಆರಿಸುವ ಹಾಗಲ್ಲ ಇದು. ನಿಯಮಕ್ಕೆ ತಕ್ಕಂತೆ ಕೆಲಸ ಮುಗಿಸಿ, 30 ದಿನದೊಳಗೆ ಸ್ಥಳೀಯ ಪುರಸಭೆಗೆ ಸುದ್ದಿ ಮುಟ್ಟಿಸುವುದು ಹಾಕಿದವರ ಹೊಣೆ. ಗ್ಯಾಸಿನ ಕೆಲಸದವರು ಇದನ್ನು ಗ್ಯಾಸ್ ಸೇಫ್ ರಿಜಿಸ್ಟರ್ ಮೂಲಕ ಮಾಡುತ್ತಾರೆ, ಅಲ್ಲಿಂದಲೇ ಮನೆಯವರಿಗೆ ಸರ್ಟಿಫಿಕೇಟು ಅಂಚೆಯಲ್ಲಿ ಬರುತ್ತದೆ. "ನೀವು ಸುದ್ದಿ ಮುಟ್ಟಿಸಿದ್ದೀರಾ? ಮುಟ್ಟಿಸಿದ್ದರೆ ಥರ್ಮೋಸ್ಟ್ಯಾಟು, ವಾಲ್ವುಗಳ ವಿಷಯ ಏನೆಂದು ಬರೆದಿದ್ದೀರಿ? ಇಲ್ಲವಾದರೆ ಪುರಸಭೆಯ ಕಟ್ಟಡ ವಿಭಾಗವನ್ನೇ ನಾನು ಕೇಳಲೇ?" ಎಂದೆ. ಇಂಗ್ಲಿಷಿನಲ್ಲಿ ಜಗಳವಾಡುವುದು ನನಗೆ ಅಷ್ಟು ಬರುವುದಿಲ್ಲ. ಕಾಗದದಲ್ಲಿ ಬರೆದಿಟ್ಟುಕೊಂಡು ಓದಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ.

ಮಾರ್ಚ್ ಮೊದಲ ವಾರ ಬಂದ. ಆ ನಾನೂರು ಪೌಂಡಿನಲ್ಲಿ ಸಾಮಾನಿನ ಬೆಲೆಯನ್ನು ನಾವು ಕೊಟ್ಟೆವು, ಕೂಲಿಯನ್ನು ಆತ ಬಿಟ್ಟ. ಎಲ್ಲ ರೇಡಿಯೇಟರುಗಳಿಗೂ ಗುಬಟು ವಾಲ್ವು ಬಂತು, ಒಂದನ್ನು ಬಿಟ್ಟು. ಆ ಒಂದು ಯಾವುದೆಂದು ಊಹಿಸಿದಿರಾ? ನಡುಮನೆಯ ಹಳೆಯ ಥರ್ಮೋಸ್ಟ್ಯಾಟನ್ನು ಕಿತ್ತೆಸೆದು, ತಂತಿಯಿಲ್ಲದ ಹೊಸದನ್ನು ಅತ್ತೆಯವರ ಕೋಣೆಯ ಒಳಗೋಡೆಗೆ ಹಾಕಿಸಿದೆವು. ಸಾಮಾನ್ಯವಾಗಿ ಕೂರುವ ಕೋಣೆಯಲ್ಲಿ ಹಾಕುತ್ತಾರೆ. ಆದರೆ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಕೋಣೆ ಅದು, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಅಲ್ಲಿ ಮಲಗುತ್ತಾರೆ. ಆ ಕೋಣೆ ಬೆಚ್ಚಗಾಗುವವರೆಗೆ ಬಾಯ್ಲರ್ ನಿಲ್ಲುವಂತಿಲ್ಲ. ಉಳಿದ ಕೋಣೆಗಳು ಅಷ್ಟರಲ್ಲಿ ತಮ್ಮ ತಮ್ಮ ವಾಲ್ವು ಮುಚ್ಚಿಕೊಳ್ಳುತ್ತವೆ. ಎಲ್ಲಿ ಹಾಕಿದರೂ ಬಿಸಿಲು ನೇರ ಬೀಳುವ ಕಡೆ, ಕಿಟಕಿಯ ಸುಳಿಗಾಳಿಗೆ, ಪರದೆಯ ಹಿಂದೆ, ರೇಡಿಯೇಟರಿನ ಮೇಲೆ ಮಾತ್ರ ಬೇಡ. ಈ ಹೊಸದು ಬಾಯ್ಲರ್ ತಯಾರಿಸಿದವರದೇ ಆದ್ದರಿಂದ ಬರೀ "ಉರಿ, ಆರು" ಎನ್ನುವುದಿಲ್ಲ. ಕೋಣೆ ಬೆಚ್ಚಗಾಗುತ್ತಾ ಬಂದಂತೆ ಉರಿಯನ್ನು ಸಣ್ಣ ಮಾಡಿಸುತ್ತದೆ. ಹಾಲು ಉಕ್ಕುವ ಮೊದಲೇ ನಾವು ಉರಿ ತಗ್ಗಿಸುವುದಿಲ್ಲವೇ, ಹಾಗೆ. ಕಾಂಬಿಗೆ ಬೇಕೆಂದ ಆ ನಾಲ್ಕರಲ್ಲೊಂದು ಇದರಿಂದಲೇ ಸಂದಿತು.

ಇನ್ನೊಂದು ಸಣ್ಣ ಕೆಲಸ, ನಾನು ಕೇಳದಿದ್ದರೆ ಅದನ್ನೂ ಬಿಡುತ್ತಿದ್ದನೋ ಏನೋ. ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳು ಬಿಸಿನೀರನ್ನೆಲ್ಲ ಹೀರಿಕೊಂಡು ಕೊನೆಯದಕ್ಕೆ ಉಗುರುಬೆಚ್ಚಗಿನದನ್ನು ಬಿಡುತ್ತವೆ. ಮದುವೆಮನೆಯ ಪಂಕ್ತಿಯಲ್ಲಿ ಕೊನೆಗೆ ಕೂತವರ ಪಾಡು! ರೇಡಿಯೇಟರಿನ ಇನ್ನೊಂದು ತುದಿಯಲ್ಲಿರುವ ತಿರುಪನ್ನು ಹತ್ತಿರದವಕ್ಕೆ ಕೊಂಚ ಬಿಗಿ ಮಾಡಿ ದೂರದ್ದಕ್ಕೆ ಸಡಿಲಿಸಿದರೆ ಎಲ್ಲಕ್ಕೂ ಸಮನಾಗಿ ಹಂಚುತ್ತದೆ. ಅತ್ತೆಯವರ ಕೋಣೆಯ ರೇಡಿಯೇಟರ್ ಅಂದು ಮೊದಲ ಸಲ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಾಯಿತು.

ಬಿಲ್ಲು ಏನಾಯಿತೆಂದು ನೀವು ಕೇಳುತ್ತೀರಿ. ಏರಲಿಲ್ಲ. ಮೊದಲು ಮಲಗುವವರಿಲ್ಲದ ಮೇಲಿನ ಕೋಣೆಯೂ ದಿನವಿಡೀ ಕಾಯುತ್ತಿತ್ತು. ಈಗ ಅದು ಒಂದರ ಅಂಕಿಯಲ್ಲಿ ತೂಕಡಿಸುತ್ತದೆ. ಇದರ ಜೊತೆಗೆ ಕಾಸು ಖರ್ಚಿಲ್ಲದ ಒಂದು ಕೆಲಸ ನಾನೇ ಮಾಡಿದೆ. ಕಾಂಬಿ ಬಾಯ್ಲರಿನಲ್ಲಿ ಎರಡು ತಿರುಗಣೆ ಅಥವಾ ಗುಂಡಿಗಳಿರುತ್ತವೆ, ನಲ್ಲಿಯ ಚಿತ್ರದ್ದು ಒಂದು, ರೇಡಿಯೇಟರಿನ ಚಿತ್ರದ್ದು ಇನ್ನೊಂದು. ರೇಡಿಯೇಟರಿನದನ್ನು ಆತ 80ಕ್ಕೆ ಇಟ್ಟು ಹೋಗಿದ್ದ. ಅಷ್ಟು ಕಾದ ನೀರು ಸುತ್ತಿ ಮರಳಿ ಬಂದಾಗಲೂ ಬಿಸಿಯಾಗಿಯೇ ಇರುತ್ತದೆ, ಹಬೆ ನೀರಾಗುವುದೇ ಇಲ್ಲ. ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಕಂಡೆನ್ಸಿಂಗ್ ಬಾಯ್ಲರ್ ಹೆಸರಿಗೆ ತಕ್ಕ ಕೆಲಸ ಮಾಡುವುದು. 60ಕ್ಕೆ ಇಳಿಸಿದೆ. ಕೋಣೆ ಬೆಚ್ಚಗಾಗುವುದು ತುಸು ನಿಧಾನ, ಅದಕ್ಕೆ ಅರ್ಧ ಗಂಟೆ ಮೊದಲೇ ಹತ್ತಿಸುವಂತೆ ಹೊತ್ತು ಗೊತ್ತುಮಾಡಿದೆ. ಕೊರೆಯುವ ದಿನಗಳಲ್ಲಿ ಮಾತ್ರ ಐದು ಡಿಗ್ರಿ ಏರಿಸುತ್ತೇನೆ. ಆದರೆ ನಿಮ್ಮ ಮಕ್ಕಳ ಮನೆಯಲ್ಲಿ ಬಿಸಿನೀರು ತುಂಬಿಡುವ ಹಂಡೆ ಇದ್ದರೆ ಕೇಳದೆ ಹೀಗೆಲ್ಲ ಇಳಿಸಬೇಡಿ. ಹಂಡೆಯ ನೀರು 60 ಡಿಗ್ರಿಗೆ ಕಾಯಲೇಬೇಕು. ಇಲ್ಲದಿದ್ದರೆ ಅದರಲ್ಲಿ ಲೀಜನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯವಿದೆ.

ಆತ ಹೋಗುವ ಮುನ್ನ ನಮ್ಮವರು ಇನ್ನೊಂದನ್ನು ಕೇಳಿದರು, "ಕಾರ್ಬನ್ ಮೊನಾಕ್ಸೈಡಿನ ಎಚ್ಚರಿಕೆ ಗಂಟೆ?" ಎಂದು. 2022ರ ಅಕ್ಟೋಬರಿನಿಂದ ಹೊಸ ಬಾಯ್ಲರ್ ಇರುವ ಕೋಣೆಗೆ ಅದೂ ಕಡ್ಡಾಯ. ವ್ಯಾನಿನಿಂದ ತಂದು ಗೋಡೆಗೆ ಹಾಕಿದ. ಇದು ಯಾಕೆಂದು ಅತ್ತೆಯವರಿಗೆ ಹೇಳಿಕೊಡಬೇಕಾಗಲಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಪೂರಾ ಮುಚ್ಚಬಾರದೆಂದು ಅವರ ತಾಯಿ ಹೇಳುತ್ತಿದ್ದರಂತೆ.

ಈಗ, ಹೊರಡಲು ಸಿದ್ಧವಾಗುತ್ತಿರುವ ತಾಯಂದಿರೇ, ನಿಮಗೊಂದು ಮಾತು. ಮಗಳು "ಅಮ್ಮಾ, ಬಾಯ್ಲರ್ ಬದಲಾಯಿಸ್ತಾ ಇದೀವಿ" ಎಂದು ಫೋನಿನಲ್ಲಿ ಹೇಳಿದರೆ, ಬೆಲೆ ಎಷ್ಟೆಂದು ಕೇಳಿದ ಮೇಲೆ, ಆ ಬೆಲೆಯಲ್ಲಿ ಥರ್ಮೋಸ್ಟ್ಯಾಟು ಸೇರಿದೆಯೇ, ಕೋಣೆ ಕೋಣೆಗೂ ವಾಲ್ವು ಸೇರಿದೆಯೇ, ಕೊಳವೆ ತೊಳೆಯುವುದು ಸೇರಿದೆಯೇ ಎಂದೂ ಕೇಳಿ. ಹಳೆಯ ತುಕ್ಕಿನ ಕೆಸರು ಹೊಸ ಬಾಯ್ಲರಿಗೆ ಹೋದರೆ ಅದರ ಆಯುಸ್ಸು ಅಲ್ಲಿಗೇ ಮುಗಿಯಿತು. ಬಂದಾತನ ಗ್ಯಾಸ್ ಸೇಫ್ ಗುರುತುಚೀಟಿಯ ಮುಂಭಾಗದ ಫೋಟೋ ನೋಡಿ ಬಿಟ್ಟರೆ ಸಾಲದು. ಯಾವ ಯಾವ ಕೆಲಸಕ್ಕೆ ಪರವಾನಗಿ ಇದೆಯೆಂದು ಬರೆದಿರುವುದು ಹಿಂಭಾಗದಲ್ಲಿ. ಬಾಡಿಗೆಯ ಮನೆಯಾದರೆ ಬಾಯ್ಲರಿನ ಹೊಣೆ ಮನೆಯೊಡೆಯನದು, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದರ ಚೀಟಿ ಕೊಡಬೇಕಾದವನೂ ಅವನೇ. ಕೇಳಲು ಸಂಕೋಚ ಬೇಡ. ನಿಮ್ಮ ಸಾಮಾನಿನ ಜೊತೆ ಒಂದು ಸಣ್ಣ ಉಷ್ಣಮಾಪಕವನ್ನೂ ಕಟ್ಟಿಕೊಳ್ಳಿ. ಅದರಲ್ಲಿ 18ಕ್ಕಿಂತ ಕೆಳಗೆ ಕಂಡರೆ, ದಯವಿಟ್ಟು, ಅಡಿಗೆಮನೆಯಲ್ಲಿ ಸುಮ್ಮನೆ ಕೂರಬೇಡಿ. ಬಾಯಿಬಿಟ್ಟು ಹೇಳಿ.

ನಮ್ಮ ಸರ್ಟಿಫಿಕೇಟು ಏಪ್ರಿಲಿನಲ್ಲಿ ಬಂತು. ಒಂದೇ ಹಾಳೆ. ಪಾಸ್‌ಪೋರ್ಟು, ಮಕ್ಕಳ ಜಾತಕಗಳ ಜೊತೆ ಬೀರುವಿನಲ್ಲಿಟ್ಟಿದ್ದೇನೆ. ಅತ್ತೆಯವರ ಕೆಮ್ಮು ಅದಕ್ಕೂ ಮೊದಲೇ ಹೋಗಿತ್ತು. ಒಂದು ಸಂಜೆ ನಮ್ಮವರು ಅಭ್ಯಾಸಬಲದಿಂದ ಅವರ ಕೋಣೆಗೆ ಹೋಗಿ ಆ ಡಬ್ಬಿಯ ಗುಂಡಿ ಒತ್ತಲು ಕೈ ಚಾಚಿದರಂತೆ. "ಅದನ್ನ ಮುಟ್ಟಬೇಡ, ಅದು ನಂದು" ಎಂದು ಹಾಸಿಗೆಯಿಂದಲೇ ಗದರಿದ್ದು ನನಗೆ ಅಡಿಗೆಮನೆಯವರೆಗೆ ಕೇಳಿಸಿತು.

ಮೇ ತಿಂಗಳಲ್ಲಿ ಊರಿಗೆ ಹೋದರು. ಮುಂದಿನ ಸಲ ಬರುವ ಮುನ್ನ ಫೋನು ಮಾಡಿದಾಗ ಮಕ್ಕಳ ಕ್ಷೇಮಸಮಾಚಾರ, ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ತರಬೇಕು ಎಲ್ಲ ಆಯಿತು. ಇಡುವ ಮೊದಲು ಕೇಳಿದರು: "ನನ್ನ ಡಬ್ಬಿಗೆ ಹೊಸ ಸೆಲ್ ಹಾಕಿದೀಯಾ?"